ಕಂಸ ಮಾಸ್ತರು

ಗಣಿತದ ಮಾಸ್ತರರಲ್ಲಿ ಎರಡು ಜಾತಿ. ಗಂಟೆ ಹೊಡೆದ ಕೂಡಲೇ ಗಣಿತವನ್ನು ಕರಿಹಲಗೆಯ ಮೇಲೆಯೇ ಬಿಟ್ಟು ಮನೆಗೆ ಹೋಗುವವರು ಒಂದು. ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಸಂತೆಗೆ, ಮದುವೆಗೆ, ಮಣ್ಣಿಗೆ ಬರುವವರು ಇನ್ನೊಂದು. ಎರಡನೆಯ ಜಾತಿಯವರು ಊರಿಗೊಬ್ಬರಾದರೂ ಇರುತ್ತಾರೆ. ನಮ್ಮ ಪಾಲಿಗೆ ಬಂದವರನ್ನು ನಾವು ‘ಕಂಸ ಮಾಸ್ತರು’ ಅನ್ನುತ್ತಿದ್ದೆವು. ಅವರು ಯಾವ ತಂಗಿಯ ಮಕ್ಕಳನ್ನೂ ಕೊಂದವರಲ್ಲ. ಬೀಜಗಣಿತದ ಲೆಕ್ಕ ಕಂಡರೆ ಸಾಕು, “ಸಾಮಾನ್ಯ ಇದ್ದದ್ದು ಹೊರಗ, ಉಳಿದದ್ದು ಕಂಸದಾಗ!” ಎಂದು ಗುಡುಗುತ್ತಿದ್ದರು, ಅಷ್ಟೇ. ಎಂಟನೇ ಇಯತ್ತೆಯ ನಮಗೆ ಆ ಎರಡು ಕಮಾನುಗಳ ನಡುವೆ ಸಿಕ್ಕಿಬಿದ್ದವರು ದೇವಕಿ-ವಸುದೇವರ ಹಾಗೆಯೇ ಕಾಣುತ್ತಿದ್ದರು.

ಹುಕ್ಕೇರಿಯಲ್ಲಿ ನೌಕರಿ ಹಿಡಿದು, ಮೂಡಲಗಿಯಲ್ಲಿ ಕೂದಲು ಕಳೆದುಕೊಂಡು, ಗೋಕಾಕದಲ್ಲಿ ರಿಟೈರ್ ಆದವರು ಅವರು. “ಹುಕ್ಕೇರಿ, ಗೋಕಾಕ, ಮೂಡಲಗಿ. ಮೂರಕ್ಕೂ ಮಸಾಅ ಏನಲೇ?” ಎಂದು ಒಮ್ಮೆ ಕೇಳಿದರು. ಹಿಡಕಲ್ ಡ್ಯಾಮಿನಿಂದ ಇಳಿದು ಮೂರೂ ಕಡೆಯ ಕಬ್ಬಿಗೆ ನೀರುಣಿಸುವ ಘಟಪ್ರಭಾ ಎಂಬ ಉತ್ತರ ಅವರಿಗೆ ಬೇಕಿತ್ತು. ಹಿಂದಿನ ಬೆಂಚಿನಿಂದ “ನೀವಽರೀ ಸರ” ಎಂದು ಬಂತು. ಆಗಿನ್ನೂ ಮೂಡಲಗಿ ಗೋಕಾಕ ತಾಲೂಕಿನ ಕಂಸದೊಳಗೇ ಇತ್ತು. ಸ್ವಂತ ತಾಲೂಕಾಗಿ ಹೊರಬಿದ್ದದ್ದು 2018ರಲ್ಲಿ.

ಮಸಾಅ ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಗಡಿಯ ಮರಾಠಿ ಶಾಲೆಯ ಹುಡುಗರು ಇದನ್ನೇ ‘ಮಸಾವಿ’ ಅನ್ನುತ್ತಾರೆ. ಅದರಲ್ಲಿ ಒಂದು ಗತ್ತಿದೆ. ನಮ್ಮದರಲ್ಲಿ ‘ಮ’ ಅನ್ನುವಾಗ ಮುಚ್ಚಿದ ಬಾಯಿ ‘ಅ’ಗೆ ಬರುವಷ್ಟರಲ್ಲಿ ತೆರೆದು ಆಕಳಿಕೆಯಾಗುತ್ತಿತ್ತು. ಊಟದ ನಂತರದ ಪಿರಿಯಡ್ಡಿನಲ್ಲಂತೂ ಇಡೀ ವರ್ಗ ಒಂದೇ ಸಲ. ಮಾಸ್ತರರಿಗೆ ಮಾತ್ರ ಅದು ಮಂತ್ರ. ಗೋಕಾಕ ಫಾಲ್ಸಿಗೆ ಟ್ರಿಪ್ ಹೋದಾಗ ತೂಗುಸೇತುವೆಯ ಮೇಲೆ ನಾವು ಜೀವ ಕೈಯಲ್ಲಿ ಹಿಡಿದು ನಿಂತಿದ್ದರೆ ಅವರು, “52 ಮೀಟರ ಎತ್ತರ. ಅಂದ್ರ ಎರಡೆರಡ್ಲೆ ನಾಕು, ನಾಕು ಹದಿಮೂರ್ಲೆ” ಅಂದರು. ಜಲಪಾತವನ್ನೂ ಅಪವರ್ತಿಸಿದ ಪುಣ್ಯಾತ್ಮ! ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಲಸಾಅಕ್ಕೆ ‘ನಿರುದ್ಧ’ ಅಂದಿದ್ದಾನೆ ಎಂಬುದನ್ನು ಸ್ವಂತ ಸೋದರಮಾವನ ಸುದ್ದಿಯಂತೆ ಹೇಳುತ್ತಿದ್ದರು.

ಪಾಠ ಮಾತ್ರ, ಈಗ ಒಪ್ಪಿಕೊಳ್ಳಬೇಕು, ಚೊಲೊ ಹೇಳುತ್ತಿದ್ದರು. ಎಕ್ಸ್ ವರ್ಗ, 7 ಎಕ್ಸ್, 12 ಬಂದರೆ ಅದು ಕನ್ಯಾ ನೋಡುವ ಕೆಲಸ. “ಗುಣಿಸಿದ್ರ 12, ಕೂಡಿಸಿದ್ರ 7 ಆಗೂ ಜೋಡಿ ಹುಡಕ್ರಿ. 1ಕ್ಕ 12? ಕೂಡಿಸಿದ್ರ 13, ಜಾತಕ ಕೂಡೂದಿಲ್ಲ. 2ಕ್ಕ 6? ಎಂಟಾತು, ಬ್ಯಾಡ. 3ಕ್ಕ 4? ಬಾರಸ್ರಿ ವಾಲಗ!” 12ರ ಜಾಗದಲ್ಲಿ 11 ಬಂದರೆ, “ಇದು ಬ್ರಹ್ಮಚಾರಿ, ತ್ರಾಸ ಕೊಡಬ್ಯಾಡ್ರಿ” ಎಂದು ಮುಂದೆ ಸಾಗುತ್ತಿದ್ದರು.

ಸಾಮಾನ್ಯ ತೆಗೆಯುವುದಕ್ಕೆ ಅವರ ದೃಷ್ಟಾಂತ ವಾಟ್ನಿಯದು. “ಮೂರು ಮಂದಿ ಅಣ್ಣತಮ್ಮರು ಹೊಲ ಹಂಚ್ಕೊಂಡ್ರು. ಉತಾರದಾಗ ಬಾವಿ ಏನಂತ ಬರೀತಾರ? ಸಾಮಾಯಿಕ! ಅದು ಕಂಸದ ಹೊರಗ.” ರೈತರ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಹಲಗೆಯ ಮೇಲೆ 12 ಎಕ್ಸ್ ವರ್ಗ, 18 ಎಕ್ಸ್‌ವೈ, 6 ಎಕ್ಸ್ ಎಂದು ಮೂವರು ಅಣ್ಣತಮ್ಮರನ್ನು ಸಾಲಾಗಿ ನಿಲ್ಲಿಸಿ ನನ್ನನ್ನು ಕರೆದರು. ನಾನು ಜಂಬದಿಂದ 6 ಎಕ್ಸ್ ಹೊರಗೆ ಬರೆದೆ. ಕಂಸದೊಳಗೆ 2 ಎಕ್ಸ್, 3 ವೈ ಕೂರಿಸಿ ಕೈ ಝಾಡಿಸಿದೆ.

“ಸಣ್ಣ ತಮ್ಮ ಎಲ್ಲಿ ಹೋದ್ನೋ?”

“ಅವಂದೆಲ್ಲಾ ಹೊರಗ ಹೋತ್ರೀ ಸರ. ಏನೂ ಉಳಿದಿಲ್ಲ.”

“ಇದ್ದದ್ದೆಲ್ಲಾ ಬಾವಿಗೆ ಹಾಕಿದಾಂವ ಸತ್ತಂಗೇನಲೇ? ಹೊರಗಿನ 6 ಎಕ್ಸ್ ಮತ್ತ ಒಳಗಿನವರಿಗೆ ಗುಣಿಸಿ ಕೊಡು. ಅಂವನ ಆಸ್ತಿ ಅಂವಗ ತಿರುಗಿ ಬರತೈತೇನು? ಇಲ್ಲಲ್ಲ? ಅಂವ ಒಂದಾಗಿ ಅಲ್ಲೇ ಕುಂತಾನ. ಬರಿ, ಒಂದು!”

ಆ ಒಂದನ್ನು ನಾನು ಬಲಗೈಯಿಂದ ಬರೆದೆ; ಎಡಗಿವಿ ಅವರ ಕೈಯಲ್ಲಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆ ವರ್ಷದ ಆಗಸ್ಟ್ 15ಕ್ಕೆ ಮಾಸ್ತರು ಗೋಕಾಕದಲ್ಲಿ ಸ್ವಂತ ಖರ್ಚಿನಿಂದ 48 ಕರದಂಟು, 36 ಪೇಢೆ ಕೊಂಡರು. ಬಹುಮಾನ ಗೆದ್ದ 12 ಹುಡುಗರು, 12 ಪೊಟ್ಟಣ. ಒಂದೊಂದರಲ್ಲಿ ನಾಲ್ಕು ಕರದಂಟು, ಮೂರು ಪೇಢೆ. ಮಸಾಅ ಇರುವುದೇ ಇದಕ್ಕೆ ಎಂಬ ಭಾಷಣವೂ ತಯಾರಿತ್ತು. ಚೀಲ ಹೊತ್ತು ಬಸ್ಸಿನಲ್ಲಿ ತರುವ ಕೆಲಸ ನನ್ನದು. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲದ ಪಾಕದ ವಾಸನೆ ತೊಡೆಯ ಮೇಲೆ ಕುಳಿತಿರುವಾಗ ಹದಿಮೂರು ವರ್ಷದ ಹುಡುಗ ಎಷ್ಟು ದೂರ ತಡೆದಾನು? ಒಂದೇ ಒಂದು ತಿಂದೆ.

ಶಾಲೆಯಲ್ಲಿ ಎಣಿಸಿದವರು ಎರಡು ಸಲ ಎಣಿಸಿದರು. “47!” ಧ್ವನಿ ನಡುಗಿತು. “ಅವಿಭಾಜ್ಯ!”

ಧ್ವಜದ ಹಗ್ಗ ಹಿಡಿದು ಹೆಡ್ ಮಾಸ್ತರು ಕಾಯುತ್ತಿದ್ದರೆ, ಇವರು ಕಟ್ಟೆಯ ಮೇಲೆ ಖಡುವಿನಿಂದ ಲೆಕ್ಕ ಹಾಕತೊಡಗಿದರು. 47ರಲ್ಲಿ 36 ಹೋದರೆ 11. 36ರಲ್ಲಿ 11 ಮೂರು ಸಲ ಹೋದರೆ 3. 11ರಲ್ಲಿ 3 ಮೂರು ಸಲ ಹೋದರೆ 2. 3ರಲ್ಲಿ 2 ಹೋದರೆ 1. “ಯೂಕ್ಲಿಡ್ ಬಂದ್ರೂ ಇಷ್ಟಽ. ಒಂದಽ ಪೊಟ್ಟಣ! ಒಂದು ಕರದಂಟು ತಿಂದು ಹನ್ನೊಂದು ಪೊಟ್ಟಣ ನುಂಗಿದೆಲ್ಲೋ!”

“ಒಂದು ಪೊಟ್ಟಣದಾಗ ಮೂರಽ ಹಾಕ್ರಿ ಸರ, ಯಾರಿಗೆ ಗೊತ್ತಾಗತೈತಿ?” ಎಂದರು ಡ್ರಿಲ್ ಮಾಸ್ತರು.

“ಅದು ಮಸಾಅ ಅಲ್ಲ, ಮೋಸ!”

ಕೊನೆಗೆ ದಾರಿ ತೋರಿಸಿದವರು ಹೆಡ್ ಮಾಸ್ತರು. ಮಾಸ್ತರರೆಲ್ಲ ಸೇರಿ 11 ಕರದಂಟು ತಿಂದುಬಿಟ್ಟರು. ಉಳಿದದ್ದು 36, ಪೇಢೆಯೂ 36, ಮಸಾಅವೂ 36. ಹನ್ನೆರಡರ ಬದಲು 36 ಹುಡುಗರಿಗೆ ಒಂದೊಂದು ಕರದಂಟು, ಒಂದೊಂದು ಪೇಢೆ. ನನ್ನ ಕಳ್ಳತನದಿಂದ ಮೂರು ಪಟ್ಟು ಬಾಯಿ ಸಿಹಿಯಾಯಿತು ಎಂದು ನಾನು ಇಂದಿಗೂ ವಾದಿಸಬಲ್ಲೆ. ಆ 36ರಲ್ಲಿ ನಾನಿರಲಿಲ್ಲ.

ಹೋದ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಅಮ್ಮಾರು ತೀರಿಕೊಂಡು ನಾಲ್ಕು ವರ್ಷವಾಗಿದೆ. ಒಬ್ಬ ಮಗ ಪುಣೆಯಲ್ಲಿ, ಒಬ್ಬ ಬೆಂಗಳೂರಲ್ಲಿ. ಸೈಟು, ಹೊಲ, ಪಿಎಫ್ ದುಡ್ಡು ಎಲ್ಲ ಅವರಿಗೆ ಸೇರಿದೆ. ಆಚೆ ಈಚೆ ಎರಡು ಗೋಡೆ, ನಡುವೆ ಕಟ್ಟೆಯ ಮೇಲೆ ಮಾಸ್ತರು. ನನಗೇನೋ ಹಳೆಯ ಕಂಸದ ನೆನಪಾಯಿತು, ಗಂಟಲು ಬಿಗಿಯಿತು. ತಂದಿದ್ದ ಕರದಂಟಿನ ಡಬ್ಬಿ ಮುಂದಿಟ್ಟೆ.

ಅವರು ಮುಚ್ಚಳ ತೆಗೆದು, ಬೆರಳಿನಿಂದ ಒಂದೊಂದೇ ಮುಟ್ಟುತ್ತ ಎಣಿಸಿದರು.

“23. ಅವಿಭಾಜ್ಯ. ಬಸ್ಸಿನ್ಯಾಗ ತಿಂದಿ, ಹೌದಿಲ್ಲೋ?”

ಮೊಮ್ಮಗಳಿರುವ ಗಂಡಸು ನಾನು. ಕಿವಿ ಮುಟ್ಟಿ ನೋಡಿಕೊಂಡೆ. “ಹೌದ್ರೀ ಸರ.”

“ಇಬ್ಬರಿಗೂ ಹನ್ನೊಂದ ಹನ್ನೊಂದು,” ಎಂದು ಪಾಲು ಹಾಕಿದರು. ಡಬ್ಬಿಯ ತಳದಲ್ಲಿ ಒಂದು ಉಳಿಯಿತು.

“ಅದನ್ನೂ ನೀವಽ ತಗೋರಿ ಸರ.”

“ಇರ್ಲಿ ಬಿಡು,” ಎಂದು ಮುಚ್ಚಳ ಹಾಕಿದರು. “ಅದನ್ನ ಮರೀಬಾರ್ದು ಅಂತಽ ಅಲ್ಲೇನು, ನಿನ್ನ ಕಿವಿ ಹಿಂಡಿದ್ದು?”