ಕಬ್ಬಿನ ಸೀಮೆಯಲ್ಲಿ ಉಲ್ಲನ್

ಪಾಂಡವಪುರದ ಬಿಸಿಲಿಗೆ ಬನಿಯನ್ನೂ ಭಾರ. ನಮ್ಮಾಕೆ ಮಾತ್ರ ಉಲ್ಲನ್ ಹಿಡಿದು ಕೂತಿದ್ದಾಳೆ. ಪ್ರಯೋಗಕ್ಕೆ ನನ್ನ ಮೈಯೇ ಬಲಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಬಟ್ಟೆಯೇನೋ ನುಣುಪು, ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಹಾಕಿದ ಪಟ್ಟಿ ಹಾಗಲ್ಲ. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ನಾಗಮಂಗಲದ ಬೀಗರೂಟ ಮುಗಿಸಿ ಬಂದ ನನ್ನ ಹೊಟ್ಟೆಗೆ ಅದೇ ಸರಿ, ಹಿಗ್ಗುವವರೆಗಂತೂ.

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ 13ನೇ ಶತಮಾನದ ಹೊಯ್ಸಳ ಗುಡಿ ನೋಡಿದ್ದೇ ತಡ, ‘ಆ ಕಂಬದ ಥರ ಹೆಣೀತೀನಿ ಕಣ್ರೀ’ ಎಂದಳು. ಕುಣಿಕೆಗಳನ್ನು ಅದಲುಬದಲು ಮಾಡುವ ಜಡೆ ಡಿಸೈನು: ಉಲ್ಲನ್ ನುಂಗುವುದು ಜಾಸ್ತಿ, ಅಗಲ ಕಮ್ಮಿ. ತೂಕವೂ ಕಂಬದ್ದೇ! ತೊಟ್ಟುಕೊಂಡು ಶ್ರೀರಂಗಪಟ್ಟಣದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ, ‘ಊಟಿಗಾದ್ರೆ ಮೈಸೂರಲ್ಲಿ ಇಳ್ಕೊಂಡು ಬೇರೆ ಬಸ್ ಹಿಡೀರಿ ಸಾರ್’ ಎಂದ.