ಮೆತ್ತನೆ ಮೂಳೆ, ಗಟ್ಟಿ ತಲೆ

ನನ್ನ ಕೈಗೆ ಸಿಕ್ಕ ಜೀವಕೋಶಗಳು ಏನು ಬೇಕಾದರೂ ಆಗುತ್ತವೆ, ಮೃದ್ವಸ್ಥಿ ಒಂದನ್ನು ಬಿಟ್ಟು. ಕೊಬ್ಬಾಗಿವೆ, ಬೂಷ್ಟಿಗೆ ಊಟವಾಗಿವೆ, ಸುಮ್ಮನೆ ಸತ್ತೂ ಇವೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಪಿಎಚ್‌.ಡಿ. ಮಾಡುತ್ತಿರುವುದು ಮಾತ್ರ ಮೃದ್ವಸ್ಥಿಯ ಮೇಲೆಯೇ. ಮೂಗಿನ ತುದಿಯಲ್ಲಿ, ಕಿವಿಯಲ್ಲಿ, ಮಂಡಿಯ ಕೀಲಿನಲ್ಲಿ ಇರುವ ಆ ಮೆತ್ತನೆಯ ಪದಾರ್ಥಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಮಂಡಿಯಲ್ಲಿ ಒಮ್ಮೆ ಸವೆದರೆ ಸವೆಯಿತು, ತಾನಾಗಿ ತುಂಬಿಕೊಳ್ಳುವುದಿಲ್ಲ. ಹಾಗಾಗಿ ಟ್ಯೂಬಿನಲ್ಲಿ ಬೆಳೆಸೋಣ ಎಂದು ನಮ್ಮಂಥವರು ಹೊರಟಿದ್ದೇವೆ.

ವಿಧಾನ ಕಾಗದದ ಮೇಲೆ ಬಲು ಸುಲಭ. 1998ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ಬ್ರಯಾನ್ ಜಾನ್‌ಸ್ಟನ್ ಮತ್ತು ಸಂಗಡಿಗರು ಮೊಲದ ಅಸ್ಥಿಮಜ್ಜೆಯ ಕೋಶಗಳಿಂದ ಮಾಡಿ ತೋರಿಸಿದ್ದಾರೆ. ಎರಡು ಲಕ್ಷ ಚಿಲ್ಲರೆ ಕೋಶಗಳನ್ನು ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಉಂಡೆ ಕಟ್ಟುತ್ತವೆ. ತಟ್ಟೆಯಲ್ಲಿ ಕಾಲು ಚಾಚಿ ಮಲಗಿದ ಕೋಶ ಮೃದ್ವಸ್ಥಿಯಾಗಲು ಸುಲಭಕ್ಕೆ ಒಪ್ಪುವುದಿಲ್ಲ, ಮೈಗೆ ಮೈ ತಾಗಿರಬೇಕು. ಭ್ರೂಣದಲ್ಲಿ ಕೈಕಾಲು ಮೂಡುವಾಗಲೂ ಕೋಶಗಳು ಹಾಗೆಯೇ ಒತ್ತೊತ್ತಾಗಿ ಸೇರುತ್ತವೆ. ಆಮೇಲೆ ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್ ಕೊಡಬೇಕು. ಅದು ಕೋಶದ ಬಾಗಿಲು ತಟ್ಟುತ್ತದೆ, ಒಳಗಿನ ಸ್ಮ್ಯಾಡ್ ಪ್ರೋಟೀನುಗಳು ಸುದ್ದಿ ಹೊತ್ತು ನ್ಯೂಕ್ಲಿಯಸ್ಸಿಗೆ ಓಡುತ್ತವೆ, ಸಾಕ್ಸ್-9 ಎಂಬ ಮೇಸ್ತ್ರಿ ಅಧಿಕಾರ ವಹಿಸಿಕೊಂಡು ಎರಡನೇ ಬಗೆಯ ಕೊಲಾಜನ್ ನೇಯಿಸುತ್ತಾನೆ. ಮೂರು ವಾರದಲ್ಲಿ ಮೃದ್ವಸ್ಥಿ ಸಿದ್ಧ.

ಆ ಟಿಜಿಎಫ್-ಬೀಟಾ ತರಿಸಲು ಸ್ಟೋರ್ಸ್‌ನವರ ಹಿಂದೆ ಅಲೆದು ಚಪ್ಪಲಿ ಸವೆಸಿದೆ. ಕೊನೆಗೆ ಬಂತು, ದೊಡ್ಡ ಥರ್ಮೋಕೋಲ್ ಡಬ್ಬಿಯೊಳಗೆ ಕಿರುಬೆರಳಿನ ತುದಿಯಷ್ಟು ಸೀಸೆ. ಬೆಳಕಿಗೆ ಹಿಡಿದು ನೋಡಿದೆ, ಒಳಗೆ ಏನೂ ಇಲ್ಲ. ಅಲುಗಾಡಿಸಿದೆ, ಸದ್ದಿಲ್ಲ. ಮುಚ್ಚಳ ತೆಗೆದು, ತಲೆಕೆಳಗು ಮಾಡಿ, ಟೇಬಲ್ಲಿನ ಮೇಲೆ ಟಪಟಪ ತಟ್ಟಿದೆ. ಎಳ್ಳಷ್ಟೂ ಬೀಳಲಿಲ್ಲ. ಸಿಟ್ಟು ನೆತ್ತಿಗೇರಿ ಮಾರಿದವರಿಗೆ ಫೋನ್ ಮಾಡಿ, ಖಾಲಿ ಸೀಸೆ ಕಳಿಸಿ ದುಡ್ಡು ಹೊಡೆಯುತ್ತೀರಾ ಎಂದು ಗುಡುಗಿದೆ. ಆ ಕಡೆಯ ಹುಡುಗ ಇಂಥವರನ್ನು ಬಹಳ ಕಂಡವನಿರಬೇಕು. “ಸರ್, ಅದು ಹತ್ತು ಮೈಕ್ರೋಗ್ರಾಂ. ಕಣ್ಣಿಗೆ ಕಾಣಲ್ಲ. ಮುಚ್ಚಳ ತೆಗೆದಿಲ್ಲ ತಾನೇ?” ಎಂದ.

ಮಿಲಿಲೀಟರಿಗೆ 10 ನ್ಯಾನೊಗ್ರಾಂ ಸಾಕು ಎಂದರೆ, ಆ ಕಾಣದ ಪುಡಿಯಲ್ಲಿ ಒಂದು ಲೀಟರ್ ದ್ರವ ತಯಾರಾಗುತ್ತಿತ್ತು. ಈಗ ಅದರಲ್ಲಿ ಎಷ್ಟೋ ಭಾಗ ನಮ್ಮ ಟೇಬಲ್ಲಿಗೆ ಸಂದಿದೆ. ಅದಕ್ಕೂ ನಾಲ್ಕು ಕಾಲಿರುವುದರಿಂದ ಪೂರ್ತಿ ದಂಡವಾಯಿತು ಎನ್ನುವಂತಿಲ್ಲ. ಗೈಡ್ ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಎರಡನೇ ಸೀಸೆ ಬಂದಾಗ ಕಳೆದ ಕಾಲವನ್ನು ತುಂಬಿಕೊಳ್ಳುವ ಆತುರ. ಒಂದು ಫ್ಯಾಕ್ಟರ್ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂದು ಫ್ರಿಜ್ಜಿನಲ್ಲಿದ್ದ ಎಫ್‌ಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರನ್ನೂ ಸುರಿದೆ. ಎಲುಬು ಉದ್ದವಾಗುವ ಕಡೆ ಮೃದ್ವಸ್ಥಿ ಕೋಶಗಳ ಮೇಲಿನ ಎಫ್‌ಜಿಎಫ್‌ಆರ್-3 ಎಂಬ ಗ್ರಾಹಿಯೇ ಬ್ರೇಕು, ಎಫ್‌ಜಿಎಫ್ ಅದನ್ನು ಒತ್ತುವ ಕಾಲು. ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಬ್ರೇಕು ಒತ್ತಿಕೊಂಡೇ ಇದ್ದರೆ ಕೈಕಾಲು ಗಿಡ್ಡವಾಗುವ ಅಕಾಂಡ್ರೊಪ್ಲೇಸಿಯಾ ಬರುತ್ತದೆಂದು 1994ರಲ್ಲೇ ಗೊತ್ತಾಗಿದೆ. ಆ ಬ್ರೇಕನ್ನು ಸಡಿಲಿಸುವ ವೊಸೊರಿಟೈಡ್ ಔಷಧಿಗೆ 2021ರಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಇದೆಲ್ಲ ಎಂ.ಎಸ್ಸಿ.ಯಲ್ಲಿ ಓದಿದ್ದೆ, ಮಾರ್ಕ್ಸೂ ಚೆನ್ನಾಗಿ ಬಂದಿತ್ತು. ಆದರೂ ಆಕ್ಸಿಲರೇಟರ್ ಬ್ರೇಕು ಎರಡನ್ನೂ ಒಟ್ಟಿಗೆ ತುಳಿದೆ. ಉಂಡೆಗಳು ಮುನಿಸಿಕೊಂಡು ಕೂತವು.

ಮುಂದಿನ ಸಲ ಎಲ್ಲ ಸರಿಯಿತ್ತು. ಹೊಸದಾಗಿ ಸೇರಿದ ಹುಡುಗಿಗೆ ಹಳೆಯ ದ್ರವ ಹೀರಿ ತೆಗೆಯುವುದನ್ನು ಕಲಿಸುತ್ತಿದ್ದೆ. “ಉಂಡೆಯ ಮೇಲಿಂದ ಕಣ್ಣು ತೆಗೀಬಾರದು, ನೋಡು” ಎಂದು ಅವಳ ಕಡೆ ತಿರುಗಿ ಹೇಳಿದೆ. ಕೊಳವೆ ಸೊರ್ರೆಂದಿತು. “ಸರ್, ಹೋಯ್ತು” ಎಂದಳು. ಶಿಷ್ಯೆ ಚುರುಕಾಗಿದ್ದಾಳೆ.

ಉಳಿದ ಟ್ಯೂಬುಗಳಲ್ಲಿ ಒಂದು ಉಂಡೆ ಮಾತ್ರ ನನ್ನನ್ನೂ ಮೀರಿ ಬದುಕಿತು. ಮೃದ್ವಸ್ಥಿಯನ್ನು ಗುರುತಿಸಲು ಬಳಸುವ ಆಲ್ಷಿಯನ್ ಬ್ಲೂ ಬಣ್ಣ ಹಾಕಿದಾಗ ಚೆಂದದ ನೀಲಿ ಹಿಡಿಯಿತು. ಕುಣಿದಾಡಿದೆ. ಮೇಡಂ ಹತ್ತನೇ ಬಗೆಯ ಕೊಲಾಜನ್ ಇದೆಯೇ ನೋಡು ಎಂದರು. ನೋಡಿದೆ, ಧಾರಾಳವಾಗಿತ್ತು. ಕೋಶಗಳು ಊದಿಕೊಂಡು ಮೂಳೆಯಾಗುವ ದಾರಿ ಹಿಡಿದಿವೆ ಎಂದರ್ಥ. ಮೈಯೊಳಗೆ ಬೆಳೆಯುವ ಎಲುಬಿನಲ್ಲಿ, ಬಲಿಯಲು ಹೊರಟ ಕೋಶಗಳು ಇಂಡಿಯನ್ ಹೆಡ್ಜ್‌ಹಾಗ್ ಎಂಬ ಸಂದೇಶ ಕಳಿಸುತ್ತವೆ. ಅದಕ್ಕೆ ಉತ್ತರವಾಗಿ ಎಲುಬಿನ ತುದಿಯಿಂದ ಹೊರಡುವ ಪಿಟಿಎಚ್‌ಆರ್‌ಪಿ ಎಳೆಯ ಕೋಶಗಳಿಗೆ ‘ತಡೀರಿ, ಅವಸರ ಬೇಡ’ ಎನ್ನುತ್ತದೆ. ನನ್ನ ಟ್ಯೂಬಿನಲ್ಲಿ ಹಾಗೆ ಹೇಳುವ ಹಿರಿಯರು ಯಾರೂ ಇರಲಿಲ್ಲ.

ಆದರೂ ಫೋಟೋ ತೆಗೆದು, ಮಂಡಿನೋವಿನಿಂದ ನರಳುತ್ತಿರುವ ದಾವಣಗೆರೆಯ ಸೋದರತ್ತೆಗೆ ಕಳಿಸಿದೆ. ಕೂಡಲೇ ಫೋನ್ ಬಂತು.

“ಎಷ್ಟು ದೊಡ್ಡದೈತೋ ಇದು?”

“ಸಾಸಿವೆ ಕಾಳಿನಷ್ಟು, ಅತ್ತೆ.”

“ಇಷ್ಟು ವರ್ಷಕ್ಕೆ?”

“ಅದೂ ಮೂಳೆ ಆಗ್ತಾ ಇದೆ.”

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಬ್ಯಾಂಕ್ ಪರೀಕ್ಷೆ ಕಟ್ಟಾಕೆ ನಿಂಗಿನ್ನೂ ವಯಸ್ಸೈತೇನೋ?”