ಲೇಸರ್ ಕೇಳಿದ ಕಾಕಾಗ ಚಾಳೀಸು

ನಮ್ಮ ಇಳಕಲ್ಲಿನ ಕಾಕಾ ನೇಕಾರ. ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುವುದರಲ್ಲಿ ಎತ್ತಿದ ಕೈ. ಈಚೆಗೆ ಆ ಎಳೆಗಳೇ ಮಸುಕಾಗತೊಡಗಿದ್ದವು. ಅಷ್ಟರಲ್ಲಿ ನಾನು ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದು, ಬಾದಾಮಿಯ ಅಗಸ್ತ್ಯತೀರ್ಥದ ಈ ದಂಡೆಯಿಂದಲೇ ಆಚೆ ಭೂತನಾಥ ಗುಡಿಯ ಮೇಲಿನ ಮಂಗಗಳನ್ನು ಎಣಿಸಿ ತೋರಿಸಿದೆ. ಕಾಕಾಗೂ ಆಸೆ ಹುಟ್ಟಿತು.

“ಏನ್ ಮಾಡ್ತಾರೋ ತಮ್ಮಾ?”

“ಕರಿಗುಡ್ಡಿ ಮ್ಯಾಲಿನ ಗಾಜಿನಂಥಾ ಪದರ ಬಾಗಲದಂಗ ತಗದು, ಒಳಗ ಲೇಸರ್‌ಲೇ ತಿದ್ದಿ, ಮತ್ತ ಮುಚ್ಚತಾರ. ಈ ಲೇಸರ್ ಮಾಂಸ ಸುಡದಂಗ ಕೊರೀತೈತಿ ಅಂತ ಕಂಡಿದ್ದು 1981ರಾಗ. ನಮ್ಮ ಚೆನ್ನೈನ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕಾದಾಗ, ಹಬ್ಬದ ಊಟದಾಗ ಉಳಿದ ಟರ್ಕಿ ಕೋಳಿ ಮ್ಯಾಲ ಬಿಟ್ಟು ನೋಡಿದ್ರು.”

“ಶಿವಶಿವಾ! ಲಿಂಗ ಕಟ್ಟಿದ ಮೈಗೆ ಕೋಳಿ ಮುಟ್ಟಿದ ಬೆಳಕೇನೋ?”

ಹುನಗುಂದ ಬಸ್‌ಸ್ಟ್ಯಾಂಡಿನ ಎರಡು ಪ್ಲೇಟು ಮಿರ್ಚಿ ಆ ಮೈಲಿಗೆಯನ್ನು ಕಳೆಯಿತು. ಬಾಗಲಕೋಟೆಯ ಡಾಕ್ಟರು ಮಾತ್ರ ನಕ್ಕರು: “ಯಜಮಾನ್ರ, ನಿಮ್ಮ ದೂರದ ನೋಟ ಚೊಲೋ ಐತಿ. ನಲವತ್ತು ದಾಟಿದ ಮ್ಯಾಲ ಒಳಗಿನ ಮಸೂರ ಬಿರುಸಾಗಿ ಹತ್ತಿರದ್ದು ಕಾಣಂಗಿಲ್ಲ. ಅದಕ್ಕ ಚಾಳೀಸು ಸಾಕ್ರಿ.”

ಚಾಳೀಸು ಏರಿಸಿ ಮಗ್ಗದ ಮುಂದೆ ಕೂತ ಕಾಕಾ ಒದರಿದ: “ಯಾವಾನಲೇ ಈ ತಪ್ಪು ಎಳಿ ಹಾಕಿದಾಂವ?”

ಕಾಕು ಕಂಡಿಕೆ ಸುತ್ತುತ್ತಲೇ ಅಂದಳು: “ನೀವಽರಿ.”